ಡಾ. ಜೆರುಷಾ ಝಿರಾಡ್ (1890–1984): ತಾಯಂದಿರ ಆರೋಗ್ಯಕ್ಕಾಗಿ ದುಡಿದ ಶಿವಮೊಗ್ಗದ ವೈದ್ಯೆ

ಪೀಠಿಕೆ

ಗರ್ಭಿಣಿಯರು ಹೆರಿಗೆಗೆ ಮುನ್ನ ಕನಿಷ್ಠ ನಾಲ್ಕು ಬಾರಿ ಆರೋಗ್ಯ ತಪಾಸಣೆಗೆ ಒಳಗಾಗಬೇಕು ಎಂಬ ಸೂಚನೆಯು ರಾಜ್ಯದ ಎಲ್ಲ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಜಾರಿಯಲ್ಲಿದೆ. ಚಿಕ್ಕಮಗಳೂರು ಜಿಲ್ಲೆಯ ಸಂಸೆ, ಕಳಸ, ಹೊರನಾಡು ಹಾಗೂ ಮೂಡಿಗೆರೆ ಭಾಗದ ಕಾಫಿ ತೋಟಗಳ ನಡುವೆ ವಾಸಿಸುವ ಕುಟುಂಬಗಳಿಗೆ ಈ ಸೂಚನೆಯ ಪಾಲನೆ ಸುಲಭದ ಮಾತಲ್ಲ. ಒಂದು ತಪಾಸಣೆಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಮಳೆಗಾಲದಲ್ಲಿ ತೋಟದ ದಾರಿಗಳು ಕೆಸರಾಗುತ್ತವೆ, ಬಸ್ಸಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಮೈಯಲ್ಲಿ ಯಾವ ನೋವೂ ಇಲ್ಲದಿರುವಾಗ ಆಸ್ಪತ್ರೆಗೆ ಏಕೆ ಹೋಗಬೇಕು ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಗೆ ಉತ್ತರವನ್ನು ತಮ್ಮ ಜೀವಮಾನದ ಕಾರ್ಯವನ್ನಾಗಿ ಮಾಡಿಕೊಂಡವರಲ್ಲಿ ಡಾ. ಜೆರುಷಾ ಝಿರಾಡ್ ಒಬ್ಬರು. ಚಿಕ್ಕಮಗಳೂರಿನ ನೆರೆಯ ಶಿವಮೊಗ್ಗದಲ್ಲಿ ಜನಿಸಿ, ಲಂಡನ್ನಿನಲ್ಲಿ ಉನ್ನತ ವ್ಯಾಸಂಗ ಮಾಡಿ, ಬೆಂಗಳೂರು ಮತ್ತು ಮುಂಬಯಿ ನಗರಗಳಲ್ಲಿ ಸೇವೆ ಸಲ್ಲಿಸಿದ ಈ ವೈದ್ಯೆಯ ಜೀವನ ಪರಿಚಯವನ್ನು ಹಾಗೂ ಗರ್ಭಿಣಿಯರಿಗೆ ಇಂದು ದೊರೆಯುವ ಸೇವೆಗಳ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಜೆರುಷಾ ಜೇಕಬ್ ಝಿರಾಡ್ ಅವರು 1890ರ ಮಾರ್ಚ್ 21ರಂದು ಶಿವಮೊಗ್ಗದಲ್ಲಿ ಜನಿಸಿದರು. ಆಗ ಶಿವಮೊಗ್ಗವು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು ಅಂದು ಕಡೂರು ಜಿಲ್ಲೆ ಎಂದು ಕರೆಯಲಾಗುತ್ತಿತ್ತು. ಝಿರಾಡ್ ಅವರದು ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯಕ್ಕೆ ಸೇರಿದ ಕುಟುಂಬ. ಶತಮಾನಗಳ ಹಿಂದೆಯೇ ಕೊಂಕಣ ತೀರದಲ್ಲಿ ನೆಲೆಸಿದ ಈ ಸಮುದಾಯದವರು ಮರಾಠಿಯನ್ನು ತಮ್ಮ ಮಾತನ್ನಾಗಿ ಮಾಡಿಕೊಂಡಿದ್ದರು. ಬ್ರಿಟಿಷರ ಕಾಲದಲ್ಲಿ ಸೈನ್ಯ, ರೈಲ್ವೆ ಮತ್ತು ಸರ್ಕಾರಿ ಕಚೇರಿಗಳ ನೌಕರಿಯ ಮೂಲಕ ಅವರು ದೇಶದ ಹಲವು ಭಾಗಗಳಿಗೆ ಹರಡಿದರು.

ಆ ಕಾಲದಲ್ಲಿ ಹೆಣ್ಣುಮಕ್ಕಳ ಶಿಕ್ಷಣ ವಿರಳವಾಗಿತ್ತು. ಜೆರುಷಾ ಅವರಿಗೆ ಪುಣೆಯ ಬಾಲಕಿಯರ ಪ್ರೌಢಶಾಲೆಯಲ್ಲಿ ಓದುವ ಅವಕಾಶ ದೊರೆಯಿತು. ಅವರ ಬಾಲ್ಯದಲ್ಲಿ ನಡೆದ ಒಂದು ಘಟನೆ ಅವರ ಮುಂದಿನ ದಾರಿಯನ್ನು ನಿರ್ಧರಿಸಿತು. ಅವರ ಸೋದರಿಯೊಬ್ಬರು ತೀವ್ರವಾಗಿ ಅಸ್ವಸ್ಥರಾದಾಗ ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿ ಡಾ. ಆನೆಟ್ ಬೆನ್ಸನ್ ಎಂಬ ವೈದ್ಯೆಯ ಆರೈಕೆಯಲ್ಲಿ ಗುಣಮುಖರಾದರು. ಮಹಿಳೆಯರಿಗಾಗಿ ಮಹಿಳೆಯರೇ ನಡೆಸುತ್ತಿದ್ದ ಆ ಆಸ್ಪತ್ರೆಯನ್ನು ಕಂಡ ಬಾಲಕಿ ತಾನೂ ವೈದ್ಯೆಯಾಗಬೇಕು, ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು ಎಂದು ನಿಶ್ಚಯಿಸಿಕೊಂಡಳು.

ಕಾಮಾ ಆಸ್ಪತ್ರೆಯು ಪಾರ್ಸಿ ದಾನಿ ಪೆಸ್ತನ್‌ಜಿ ಹೊರ್ಮಸ್‌ಜಿ ಕಾಮಾ ಅವರ ದೇಣಿಗೆಯಿಂದ 1886ರಲ್ಲಿ ಪ್ರಾರಂಭವಾಗಿತ್ತು. ಪುರುಷ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಲು ಆಗಿನ ಮಹಿಳೆಯರು ಒಪ್ಪುತ್ತಿರಲಿಲ್ಲ, ಅನೇಕ ಮನೆಗಳಲ್ಲಿ ಹಿರಿಯರು ಅದಕ್ಕೆ ಅನುಮತಿಯನ್ನೂ ಕೊಡುತ್ತಿರಲಿಲ್ಲ. ಚಿಕಿತ್ಸೆ ಇದ್ದರೂ ಅದು ಮಹಿಳೆಯರನ್ನು ತಲುಪುತ್ತಿರಲಿಲ್ಲ. ಈ ಕೊರತೆಯನ್ನು ನೀಗಿಸುವುದೇ ಅಂತಹ ಆಸ್ಪತ್ರೆಗಳ ಉದ್ದೇಶವಾಗಿತ್ತು.

ವೈದ್ಯಕೀಯ ಶಿಕ್ಷಣ

ಶಾಲಾ ಶಿಕ್ಷಣದ ನಂತರ ಜೆರುಷಾ ಅವರು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿಗೆ ಸೇರಿ, 1912ರಲ್ಲಿ ಎಲ್.ಎಂ.ಎಸ್. ಪದವಿ ಪಡೆದರು. ಮಹಿಳೆಯರ ಆಸ್ಪತ್ರೆಗಳಲ್ಲಿ ಹಿರಿಯ ಹುದ್ದೆ ಪಡೆಯಲು ಆಗ ವಿದೇಶದ ಉನ್ನತ ಪದವಿ ಅಗತ್ಯವಾಗಿತ್ತು. ವಿದೇಶ ವ್ಯಾಸಂಗಕ್ಕೆ ಸರ್ಕಾರವು ನೀಡುತ್ತಿದ್ದ ವಿದ್ಯಾರ್ಥಿವೇತನವು ಅಲ್ಲಿಯವರೆಗೆ ಪುರುಷರಿಗೆ ಮಾತ್ರ ದೊರೆಯುತ್ತಿತ್ತು. ಆದ್ದರಿಂದ ಅವರು ಟಾಟಾ ಸಂಸ್ಥೆಯಿಂದ ಸಾಲರೂಪದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ತೆರಳಿದರು. ಅನಂತರ ಭಾರತ ಸರ್ಕಾರವು ಅವರಿಗೆ ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿತು. ಈ ಸೌಲಭ್ಯ ಪಡೆದ ಮೊದಲ ಮಹಿಳೆ ಅವರೇ.

ಅವರು ಲಂಡನ್ನಿನಲ್ಲಿದ್ದ ವರ್ಷಗಳು ಮೊದಲ ಮಹಾಯುದ್ಧದ ವರ್ಷಗಳಾಗಿದ್ದವು. ಮಹಿಳೆಯರಿಗಾಗಿದ್ದ ವೈದ್ಯಕೀಯ ಶಾಲೆಯಲ್ಲಿ ಓದುತ್ತಾ, ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ವೈದ್ಯೆಯಾಗಿ ಅವರು ಕೆಲಸ ಮಾಡಿದರು. 1919ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂ.ಡಿ. ಪದವಿ ಪಡೆದರು. ಈ ವಿಷಯದಲ್ಲಿ ಆ ಪದವಿ ಗಳಿಸಿದ ಮೊದಲ ಭಾರತೀಯ ಮಹಿಳೆ ಎಂಬ ಗೌರವಕ್ಕೆ ಅವರು ಪಾತ್ರರಾದರು.

ಪ್ರಸೂತಿ ಶಾಸ್ತ್ರದಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತಿದ್ದುದು ಇದೇ ವರ್ಷಗಳಲ್ಲಿ. ಅಲ್ಲಿಯವರೆಗೆ ವೈದ್ಯರ ಗಮನವೆಲ್ಲ ಹೆರಿಗೆಯ ದಿನದ ಮೇಲೆ ಇರುತ್ತಿತ್ತು. ಗರ್ಭಿಣಿಯನ್ನು ಹೆರಿಗೆಗೆ ತಿಂಗಳುಗಳ ಮುಂಚೆಯೇ ಪರೀಕ್ಷಿಸುತ್ತಾ ಬಂದರೆ ಅನೇಕ ಅಪಾಯಗಳನ್ನು ತಪ್ಪಿಸಬಹುದು ಎಂಬ ವಿಚಾರವನ್ನು ಸ್ಕಾಟ್ಲೆಂಡಿನ ಡಾ. ಬ್ಯಾಲಂಟೈನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರತಿಪಾದಿಸಿದ್ದರು. 1915ರಲ್ಲಿ ಎಡಿನ್‌ಬರೋ ನಗರದಲ್ಲಿ ಗರ್ಭಿಣಿಯರ ತಪಾಸಣೆಗೆಂದೇ ಚಿಕಿತ್ಸಾಲಯ ತೆರೆಯಲಾಯಿತು. 1918ರಲ್ಲಿ ಬ್ರಿಟನ್ನಿನಲ್ಲಿ ತಾಯಿ ಮತ್ತು ಶಿಶು ಕಲ್ಯಾಣ ಕಾಯ್ದೆ ಜಾರಿಗೆ ಬಂದು, ಇಂತಹ ಸೇವೆಗಳನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಒದಗಿಸಲು ದಾರಿಯಾಯಿತು. ಝಿರಾಡ್ ಅವರು ಲಂಡನ್ನಿನಲ್ಲಿ ಓದುತ್ತಿದ್ದ ಕಾಲವೂ ಇದೇ ಆಗಿತ್ತು.

ಬೆಂಗಳೂರಿನಲ್ಲಿ ಸೇವೆ

ಸ್ವದೇಶಕ್ಕೆ ಮರಳಿದ ಡಾ. ಝಿರಾಡ್ ಅವರು 1920ರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ಶಸ್ತ್ರಚಿಕಿತ್ಸಕಿಯಾಗಿ ಸೇವೆ ಸಲ್ಲಿಸಿದರು. ತಾವು ಹುಟ್ಟಿದ ಸಂಸ್ಥಾನದ ತಾಯಂದಿರಿಗೆ ಅವರ ವಿದ್ಯೆಯ ಮೊದಲ ಫಲ ದೊರೆತದ್ದು ಈ ಅವಧಿಯಲ್ಲಿ.

ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಬಹುಪಾಲು ಹೆರಿಗೆಗಳು ಮನೆಯಲ್ಲಿಯೇ ಸೂಲಗಿತ್ತಿಯರ ನೆರವಿನಿಂದ ಆಗುತ್ತಿದ್ದವು. ಸೂಲಗಿತ್ತಿಯರಲ್ಲಿ ಅನುಭವಿಗಳೂ ದಯಾಳುಗಳೂ ಬಹಳ ಮಂದಿ ಇದ್ದರು. ಆದರೆ ಸೋಂಕು ಹೇಗೆ ಹರಡುತ್ತದೆ ಎಂಬ ತಿಳಿವಳಿಕೆಯಾಗಲಿ, ರಕ್ತದೊತ್ತಡವನ್ನು ಅಳೆಯುವ ಸಾಧನವಾಗಲಿ ಅವರ ಬಳಿ ಇರಲಿಲ್ಲ. ಆಸ್ಪತ್ರೆಗೆ ಬರುವವರಲ್ಲಿ ಅನೇಕರು ಎರಡು ಮೂರು ದಿನ ನೋವು ತಿಂದು, ಮನೆಯವರು ಕೈಚೆಲ್ಲಿದ ನಂತರವೇ ಬರುತ್ತಿದ್ದರು. ಆ ಹೊತ್ತಿಗೆ ಎಷ್ಟೇ ನುರಿತ ವೈದ್ಯರಿದ್ದರೂ ಮಾಡಬಹುದಾದದ್ದು ಕಡಿಮೆ. ಮುಂದೆ ಸಂಸ್ಥಾನದಲ್ಲಿ ತಾಯಂದಿರ ಆಸ್ಪತ್ರೆಗಳ ವಿಸ್ತರಣೆಗೆ ಹೆಚ್ಚಿನ ಗಮನ ನೀಡಲಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು 1935ರಲ್ಲಿ ಆರಂಭಗೊಂಡು ಇಂದಿಗೂ ಸೇವೆ ನೀಡುತ್ತಿದೆ.

ಕಾಮಾ ಆಸ್ಪತ್ರೆಯ ಹೊಣೆ

ಬೆಂಗಳೂರಿನಿಂದ ಮುಂಬಯಿಗೆ ತೆರಳಿದ ಡಾ. ಝಿರಾಡ್ ಅವರು ಕಾಮಾ ಆಸ್ಪತ್ರೆಯಲ್ಲಿ ಗೌರವ ಶಸ್ತ್ರಚಿಕಿತ್ಸಕಿಯಾಗಿ ಸೇವೆ ಆರಂಭಿಸಿದರು. 1928ರಲ್ಲಿ ಅದೇ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಾದರು. ಬಾಲ್ಯದ ನಿಶ್ಚಯ ಹೀಗೆ ನೆರವೇರಿತು. ಅಲ್ಲಿಯವರೆಗೆ ಯುರೋಪಿಯನ್ ವೈದ್ಯೆಯರೇ ನಿರ್ವಹಿಸುತ್ತಿದ್ದ ಹೊಣೆಯನ್ನು ಭಾರತೀಯ ಮಹಿಳೆಯೊಬ್ಬರು ವಹಿಸಿಕೊಂಡರು. 1947ರಲ್ಲಿ ನಿವೃತ್ತರಾಗುವವರೆಗೆ ಸುಮಾರು ಎರಡು ದಶಕ ಅವರು ಈ ಹುದ್ದೆಯಲ್ಲಿದ್ದರು.

ಮುಂಬಯಿಯ ಜವಳಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಮಹಿಳೆಯರು ಆ ನಗರದ ಹೆರಿಗೆ ಆಸ್ಪತ್ರೆಗಳಿಗೆ ಬರುತ್ತಿದ್ದರು. ಇಕ್ಕಟ್ಟಿನ ಕೋಣೆಗಳಲ್ಲಿ ವಾಸ, ಹೊಟ್ಟೆ ತುಂಬದ ಊಟ, ಮೇಲಿಂದ ಮೇಲೆ ಹೆರಿಗೆ, ಬಸುರಿಯಾಗಿದ್ದಾಗಲೂ ಬಿಡುವಿಲ್ಲದ ದುಡಿಮೆ ಇವೆಲ್ಲವೂ ಅವರ ದೇಹದಲ್ಲಿ ಕಾಣುತ್ತಿದ್ದವು. ಅವರಲ್ಲಿ ಬಹಳ ಮಂದಿಯ ಮೈ ಬಿಳಿಚಿಕೊಂಡು, ಕಾಲು ಊದಿಕೊಂಡು, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಅದು ರಕ್ತಹೀನತೆ.

ಈ ರಕ್ತಹೀನತೆಯ ಕಾರಣ ಹುಡುಕಲು 1928ರಲ್ಲಿ ಇಂಗ್ಲೆಂಡಿನಿಂದ ಡಾ. ಲೂಸಿ ವಿಲ್ಸ್ ಎಂಬ ವಿಜ್ಞಾನಿ ಮುಂಬಯಿಗೆ ಬಂದರು. ಗರ್ಭಿಣಿಯರ ಆಹಾರವನ್ನು ಪರಿಶೀಲಿಸಿದ ಅವರು, ಯೀಸ್ಟ್‌ನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಆಹಾರ ಪದಾರ್ಥದಿಂದ ಒಂದು ಬಗೆಯ ರಕ್ತಹೀನತೆ ಗುಣವಾಗುತ್ತದೆ ಎಂಬುದನ್ನು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಪೋಷಕಾಂಶವೇ ಫೋಲಿಕ್ ಆಮ್ಲ ಎಂಬುದು 1940ರ ದಶಕದಲ್ಲಿ ಖಚಿತವಾಯಿತು. ಇಂದು ಉಪಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ನೀಡಲಾಗುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯ ಹಿಂದೆ ಮುಂಬಯಿಯ ಆ ಬಡ ತಾಯಂದಿರ ಮೇಲೆ ನಡೆದ ಅಧ್ಯಯನವಿದೆ.

ತಾಯಂದಿರ ಮರಣ ಕುರಿತ ತನಿಖೆ

ಡಾ. ಝಿರಾಡ್ ಅವರ ಕೆಲಸಗಳಲ್ಲಿ ಅತ್ಯಂತ ಮಹತ್ವದ್ದು ಮುಂಬಯಿ ನಗರದಲ್ಲಿ ತಾಯಂದಿರ ಮರಣದ ಕಾರಣಗಳನ್ನು ಕುರಿತು ಅವರು ನಡೆಸಿದ ತನಿಖೆ. ಭಾರತೀಯ ಸಂಶೋಧನಾ ನಿಧಿ ಸಂಘದ ಆಶ್ರಯದಲ್ಲಿ 1930ರ ದಶಕದ ಕೊನೆಯ ಭಾಗದಲ್ಲಿ ಈ ತನಿಖೆ ನಡೆಯಿತು. ಅದರ ವರದಿಯು 1941ರಲ್ಲಿ ಪ್ರಕಟವಾಯಿತು. ಮುಂದೆ 1949ರಲ್ಲಿ ಇದೇ ಸಂಘವು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಾಗಿ ಪುನರ್ರಚನೆಗೊಂಡಿತು.

ಈ ತನಿಖೆಯ ಮಹತ್ವ ತಿಳಿಯಬೇಕಾದರೆ ಆಗಿನ ಪರಿಸ್ಥಿತಿಯನ್ನು ನೆನೆಯಬೇಕು. ಬಸುರಿ ಅಥವಾ ಬಾಣಂತಿ ತೀರಿಕೊಂಡರೆ ಮರಣ ನೋಂದಣಿ ಪುಸ್ತಕದಲ್ಲಿ ಜ್ವರ ಎಂದೋ ನಿಶ್ಶಕ್ತಿ ಎಂದೋ ಬರೆದು ಮುಗಿಸುವುದು ಸಾಮಾನ್ಯವಾಗಿತ್ತು. ಮನೆಯವರು ಅದನ್ನು ಹಣೆಬರಹವೆಂದು ತಿಳಿದು ಸುಮ್ಮನಾಗುತ್ತಿದ್ದರು. ಲೆಕ್ಕಕ್ಕೇ ಬಾರದ ಸಾವಿಗೆ ಪರಿಹಾರವನ್ನು ಯಾರೂ ಹುಡುಕುವುದಿಲ್ಲ. ಸರ್ಕಾರದ ಆಯವ್ಯಯದಲ್ಲಿಯೂ ಅದಕ್ಕೆ ಹಣ ಇರುವುದಿಲ್ಲ. ತಾಯಿ ಯಾವ ಕಾರಣದಿಂದ ತೀರಿಕೊಂಡಳು, ಅದು ತಪ್ಪಿಸಬಹುದಾದ ಸಾವಾಗಿತ್ತೇ ಎಂದು ವಿಚಾರಿಸುವ ಕೆಲಸ ಮದ್ರಾಸು, ಕಲ್ಕತ್ತ ಮತ್ತು ಮುಂಬಯಿ ನಗರಗಳಲ್ಲಿ ಇಂತಹ ತನಿಖೆಗಳಿಂದ ಆರಂಭವಾಯಿತು. ಮುಂಬಯಿಯಲ್ಲಿ ಆ ಕೆಲಸದ ಹೊಣೆ ಹೊತ್ತವರು ಡಾ. ಝಿರಾಡ್.

ಆ ಕಾಲದಲ್ಲಿ ತಾಯಂದಿರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಪ್ರಮುಖ ಕಾರಣಗಳು ಹೆರಿಗೆ ನಂತರದ ಸೋಂಕು, ರಕ್ತಸ್ರಾವ, ರಕ್ತಹೀನತೆ ಮತ್ತು ಗರ್ಭಿಣಿಯರಲ್ಲಿ ಕಾಣುವ ಏರು ರಕ್ತದೊತ್ತಡ ಹಾಗೂ ಅದರಿಂದ ಬರುವ ಫಿಟ್ಸ್. ಇವುಗಳಲ್ಲಿ ಹಲವು ಹೆರಿಗೆಯ ದಿನ ಹಠಾತ್ತನೆ ಹುಟ್ಟುವುದಿಲ್ಲ. ರಕ್ತಹೀನತೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಆರೋಗ್ಯವಂತ ತಾಯಿ ತಡೆದುಕೊಳ್ಳಬಲ್ಲಷ್ಟು ರಕ್ತಸ್ರಾವವೂ ರಕ್ತಹೀನ ತಾಯಿಯ ಪ್ರಾಣ ತೆಗೆಯಬಲ್ಲದು. ರಕ್ತದೊತ್ತಡ ಏರುತ್ತಿರುವುದು ಮೊದಲ ಹಂತದಲ್ಲಿ ಗರ್ಭಿಣಿಗೆ ತಿಳಿಯುವುದೇ ಇಲ್ಲ. ರಕ್ತದೊತ್ತಡವನ್ನು ಅಳೆದರೆ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡಿದರೆ ಮಾತ್ರ ಅದು ಗೊತ್ತಾಗುತ್ತದೆ. ಸಾವು ಹೆರಿಗೆಯ ದಿನ ಬಂದರೂ ಅದರ ಕಾರಣ ಆ ದಿನಕ್ಕಿಂತ ಬಹಳ ಹಿಂದೆಯೇ ಮೊಳೆತಿರುತ್ತದೆ. ಏನೂ ತೊಂದರೆಯಿಲ್ಲದ ದಿನ ತಪಾಸಣೆಗೆ ಏಕೆ ಬರಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ. ತೊಂದರೆ ಕಾಣಿಸಿಕೊಳ್ಳುವ ಮುನ್ನ ಅದನ್ನು ಗುರುತಿಸುವುದಕ್ಕಾಗಿಯೇ ಆ ತಪಾಸಣೆ ಇದೆ.

1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ದೇಶದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು ಬಸಿರು ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಮರಣ ಹೊಂದುತ್ತಿದ್ದಾರೆ ಎಂದು ಅಂದಾಜು ಮಾಡಿತು. ಸ್ವತಂತ್ರ ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯವಸ್ಥೆಯು ಈ ಸಮಿತಿಯ ಶಿಫಾರಸುಗಳನ್ನು ಆಧರಿಸಿ ರೂಪುಗೊಂಡಿತು.

ಸಂಘಟನೆ ಮತ್ತು ಗೌರವಗಳು

ವೈದ್ಯರು ಒಂದೆಡೆ ಸೇರಿ ಅನುಭವ ಹಂಚಿಕೊಳ್ಳದಿದ್ದರೆ ಒಂದು ಆಸ್ಪತ್ರೆಯಲ್ಲಿ ಕಲಿತ ಪಾಠ ಇನ್ನೊಂದು ಆಸ್ಪತ್ರೆಗೆ ತಲುಪುವುದಿಲ್ಲ ಎಂಬುದನ್ನು ಡಾ. ಝಿರಾಡ್ ಅರಿತಿದ್ದರು. ದೇಶದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರನ್ನು ಸಂಘಟಿಸುವ ಕಾರ್ಯದಲ್ಲಿ ಅವರು ಮುಂಚೂಣಿಯಲ್ಲಿದ್ದರು. ವಿವಿಧ ನಗರಗಳ ಸಂಘಗಳು ಒಂದುಗೂಡಿ 1950ರಲ್ಲಿ ಅಖಿಲ ಭಾರತ ಮಟ್ಟದ ಒಕ್ಕೂಟ ರಚನೆಯಾದಾಗ ಅದರ ಅಧ್ಯಕ್ಷ ಸ್ಥಾನವನ್ನು ವಹಿಸಿದರು. ಭಾರತದ ವೈದ್ಯೆಯರ ಸಂಘದ ಅಧ್ಯಕ್ಷರಾಗಿಯೂ ಕಾರ್ಯನಿರ್ವಹಿಸಿದರು. ತಮ್ಮ ಸಮುದಾಯದ ಮಹಿಳೆಯರಿಗಾಗಿ ಸ್ತ್ರೀ ಮಂಡಲವನ್ನು ಕಟ್ಟುವಲ್ಲಿಯೂ ಅವರ ಪಾತ್ರವಿತ್ತು.

1945ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಎಂ.ಬಿ.ಇ. ಗೌರವ ನೀಡಿತು. 1947ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆಬ್ಸ್‌ಟೆಟ್ರಿಷಿಯನ್ಸ್ ಅಂಡ್ ಗೈನಕಾಲಜಿಸ್ಟ್ಸ್ ಸಂಸ್ಥೆಯು ಅವರನ್ನು ಫೆಲೋ ಆಗಿ ಅಂಗೀಕರಿಸಿತು. 1966ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. 1984ರ ಜೂನ್ ತಿಂಗಳಲ್ಲಿ ತಮ್ಮ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅವರ ಕಾಲದಿಂದ ಇಂದಿನವರೆಗೆ

ತಾಯಿ ಏಕೆ ತೀರಿಕೊಂಡಳು ಎಂದು ವಿಚಾರಿಸುವ ಪದ್ಧತಿ ಇಂದು ಸರ್ಕಾರದ ನಿಯಮವೇ ಆಗಿದೆ. ಕೇಂದ್ರ ಸರ್ಕಾರವು 2010ರಲ್ಲಿ ತಾಯಿ ಮರಣ ಪರಿಶೀಲನೆಯ ಮಾರ್ಗಸೂಚಿಗಳನ್ನು ಹೊರಡಿಸಿತು. 2017ರಲ್ಲಿ ಅವುಗಳನ್ನು ಪರಿಷ್ಕರಿಸಲಾಯಿತು. ಇದರಂತೆ ಆಸ್ಪತ್ರೆಯಲ್ಲಿ ಮತ್ತು ಸಮುದಾಯದಲ್ಲಿ ಸಂಭವಿಸುವ ಪ್ರತಿಯೊಂದು ತಾಯಿ ಮರಣವನ್ನೂ ವರದಿ ಮಾಡಿ, ಮನೆಯವರಿಂದ ವಿವರ ಪಡೆದು, ಜಿಲ್ಲಾ ಮಟ್ಟದ ಸಮಿತಿಯಲ್ಲಿ ಪರಿಶೀಲಿಸಬೇಕು. ಮನೆಯವರು ನಿರ್ಧಾರ ಮಾಡುವುದರಲ್ಲಿ ತಡವಾಯಿತೇ, ದಾರಿಯಲ್ಲಿ ತಡವಾಯಿತೇ, ಆಸ್ಪತ್ರೆ ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ತಡವಾಯಿತೇ ಎಂಬ ಮೂರು ಪ್ರಶ್ನೆಗಳನ್ನು ಕೇಳಲಾಗುತ್ತದೆ. ಪರಿಶೀಲನೆಯ ಉದ್ದೇಶ ಯಾರನ್ನಾದರೂ ದಂಡಿಸುವುದಲ್ಲ. ಅಂತಹ ಇನ್ನೊಂದು ಸಾವು ಆಗದಂತೆ ನೋಡಿಕೊಳ್ಳುವುದು.

ಇಂತಹ ಕ್ರಮಗಳ ಜೊತೆಗೆ ಆಸ್ಪತ್ರೆ ಹೆರಿಗೆ, ಸಾರಿಗೆ ಮತ್ತು ರಕ್ತನಿಧಿ ಸೌಲಭ್ಯಗಳು ಹೆಚ್ಚಿದ ಫಲವಾಗಿ ರಾಜ್ಯದಲ್ಲಿ ತಾಯಂದಿರ ಮರಣ ಗಣನೀಯವಾಗಿ ಇಳಿದಿದೆ. ಮಾದರಿ ನೋಂದಣಿ ವ್ಯವಸ್ಥೆಯ ಅಂಕಿಅಂಶಗಳಂತೆ 2001–03ರಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಮರಣ ಹೊಂದುತ್ತಿದ್ದರು. 2018–20ರಲ್ಲಿ ಈ ಸಂಖ್ಯೆ 69ಕ್ಕೆ ಇಳಿದಿತ್ತು.

ಆದರೆ ಇದೇ ಅವಧಿಯ ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇಕಡ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಕನಿಷ್ಠ ನಾಲ್ಕು ಬಾರಿ ತಪಾಸಣೆ ಪಡೆದ ತಾಯಂದಿರು ಮಾತ್ರ ಶೇಕಡ ಸುಮಾರು 71. ಗರ್ಭಿಣಿಯರಲ್ಲಿ ಶೇಕಡ ಸುಮಾರು 46ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಹೆರಿಗೆಯ ದಿನ ಬಹುತೇಕ ಎಲ್ಲರೂ ಆಸ್ಪತ್ರೆಗೆ ಬರುತ್ತಿದ್ದಾರೆ. ಅದಕ್ಕೆ ಮುಂಚಿನ ಒಂಬತ್ತು ತಿಂಗಳಲ್ಲಿ ಬರಬೇಕಾದಷ್ಟು ಬಾರಿ ಎಲ್ಲರೂ ಬರುತ್ತಿಲ್ಲ. ಡಾ. ಝಿರಾಡ್ ಅವರ ಕಾಲದಲ್ಲಿ ಇದ್ದ ರಕ್ತಹೀನತೆಯ ಸಮಸ್ಯೆ ಇಂದಿಗೂ ಪೂರ್ಣವಾಗಿ ನಿವಾರಣೆಯಾಗಿಲ್ಲ.

ಕಾಫಿ ತೋಟಗಳ ಪ್ರದೇಶದಲ್ಲಿ ಗಮನಿಸಬೇಕಾದ ಅಂಶಗಳು

ಮಲೆನಾಡಿನ ತೋಟಗಳಲ್ಲಿ ರಕ್ತಹೀನತೆಗೆ ಆಹಾರದ ಕೊರತೆಯೊಂದೇ ಕಾರಣವಲ್ಲ. ತೇವ ಮತ್ತು ನೆರಳಿನ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬದುಕುತ್ತವೆ. ಬರಿಗಾಲಿನಲ್ಲಿ ಕೆಲಸ ಮಾಡುವವರ ಚರ್ಮದ ಮೂಲಕ ಅವು ಒಳಸೇರಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತವೆ. ಆದ್ದರಿಂದ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನ ನಂತರ ವೈದ್ಯರ ಸಲಹೆಯಂತೆ ಜಂತುಹುಳು ನಿವಾರಣೆಯ ಮಾತ್ರೆಯನ್ನು ಒಂದು ಬಾರಿ ನೀಡಲಾಗುತ್ತದೆ. ತೋಟದಲ್ಲಿ ಚಪ್ಪಲಿ ಅಥವಾ ಬೂಟು ಧರಿಸುವುದು ಹಾಗೂ ಶೌಚಾಲಯ ಬಳಸುವುದು ಅಗತ್ಯ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಮಾತ್ರೆ ನುಂಗಿದ ಆಸುಪಾಸಿನಲ್ಲಿ ಅವುಗಳನ್ನು ಸೇವಿಸಬಾರದು.

ಕಾಫಿ ಕೊಯ್ಲಿನ ಕಾಲದಲ್ಲಿ ಬೇರೆ ಜಿಲ್ಲೆಗಳಿಂದ ಮತ್ತು ಹೊರ ರಾಜ್ಯಗಳಿಂದ ಕುಟುಂಬಗಳು ಬಂದು ತೋಟದ ಲೈನ್ ಮನೆಗಳಲ್ಲಿ ವಾಸಿಸುತ್ತವೆ. ಇಂತಹ ಕುಟುಂಬದ ಗರ್ಭಿಣಿಯರು ತಮ್ಮ ಊರಿನಲ್ಲಿ ಪಡೆದ ತಾಯಿ ಕಾರ್ಡನ್ನು ತಪ್ಪದೆ ಜೊತೆಗೆ ತರಬೇಕು. ಕಾರ್ಡ್ ಇಲ್ಲದಿದ್ದರೂ ತಪಾಸಣೆ ಪಡೆಯಲು ಅಡ್ಡಿಯಿಲ್ಲ. ವಾಸಸ್ಥಳದ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಿ ನೋಂದಾಯಿಸಿಕೊಳ್ಳಬಹುದು. ತೋಟದ ಮಾಲೀಕರು ಮತ್ತು ಮೇಸ್ತ್ರಿಗಳು ತಪಾಸಣೆಯ ದಿನ ಗರ್ಭಿಣಿಯರಿಗೆ ಬಿಡುವು ನೀಡಿ ಸಹಕರಿಸಬೇಕೆಂದು ಕೋರಲಾಗಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ರಸ್ತೆ ಸಂಪರ್ಕ ಕಡಿದುಹೋಗುವ ಸಂಭವವಿರುವ ಕಡೆ ವಾಸಿಸುವವರು, ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಮುಂಚಿತವಾಗಿಯೇ ಆಸ್ಪತ್ರೆಗೆ ಹತ್ತಿರವಿರುವ ಬಂಧುಗಳ ಮನೆಗೆ ಬಂದಿರುವುದು ಒಳ್ಳೆಯದು. ಯಾವ ವಾಹನ, ಜೊತೆಗೆ ಯಾರು, ಯಾವ ಆಸ್ಪತ್ರೆ ಎಂಬ ಮೂರನ್ನೂ ಎಂಟನೆಯ ತಿಂಗಳಿನಲ್ಲಿಯೇ ತೀರ್ಮಾನಿಸಿರಬೇಕು.

ಗರ್ಭಿಣಿಯರಿಗೆ ದೊರೆಯುವ ಸೇವೆಗಳು

1. ನೋಂದಣಿ: ಗರ್ಭ ಧರಿಸಿದ 12 ವಾರಗಳ ಒಳಗೆ ಸಮೀಪದ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿಕೊಂಡು ತಾಯಿ ಕಾರ್ಡ್ ಪಡೆಯಬೇಕು. ನೋಂದಣಿಗೆ ಯಾವುದೇ ಶುಲ್ಕವಿಲ್ಲ. ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ತಂದರೆ ಮುಂದಿನ ಸಹಾಯಧನದ ಅರ್ಜಿಗಳಿಗೆ ಅನುಕೂಲವಾಗುತ್ತದೆ.

2. ತಪಾಸಣೆಯ ಅವಧಿ: ಮೊದಲನೆಯದು 12 ವಾರಗಳ ಒಳಗೆ. ಎರಡನೆಯದು 14ರಿಂದ 26 ವಾರಗಳ ನಡುವೆ. ಮೂರನೆಯದು 28ರಿಂದ 34 ವಾರಗಳ ನಡುವೆ. ನಾಲ್ಕನೆಯದು 36 ವಾರಗಳ ನಂತರ. ಇವು ಕನಿಷ್ಠ ಸಂಖ್ಯೆ. ವೈದ್ಯರು ಸೂಚಿಸಿದಲ್ಲಿ ಹೆಚ್ಚು ಬಾರಿ ಬರಬೇಕು.

3. ಪ್ರತಿ ತಪಾಸಣೆಯಲ್ಲಿ: ತೂಕ, ರಕ್ತದೊತ್ತಡ, ರಕ್ತದ ಹಿಮೋಗ್ಲೋಬಿನ್ ಪ್ರಮಾಣ, ಮೂತ್ರ ಪರೀಕ್ಷೆ ಹಾಗೂ ಮಗುವಿನ ಬೆಳವಣಿಗೆಯನ್ನು ನೋಡಿ ತಾಯಿ ಕಾರ್ಡಿನಲ್ಲಿ ಬರೆಯಲಾಗುತ್ತದೆ. ಬರೆದಿರುವುದನ್ನು ಕೇಳಿ ತಿಳಿದುಕೊಳ್ಳುವುದು ಗರ್ಭಿಣಿಯ ಹಕ್ಕು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದಲ್ಲಿ ರಕ್ತಹೀನತೆ ಎಂದೂ, 7 ಗ್ರಾಂಗಿಂತ ಕಡಿಮೆ ಇದ್ದಲ್ಲಿ ತೀವ್ರ ರಕ್ತಹೀನತೆ ಎಂದೂ ಪರಿಗಣಿಸಲಾಗುತ್ತದೆ.

4. ಮಾತ್ರೆಗಳು: ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸೇವಿಸಬೇಕು. ಹೆರಿಗೆಯ ನಂತರವೂ 180 ದಿನ ಮುಂದುವರಿಸಬೇಕು. ಮಲ ಕಪ್ಪಾಗುವುದು ಅಪಾಯದ ಲಕ್ಷಣವಲ್ಲ. ಹೊಟ್ಟೆ ತೊಳಸಿದಂತಾದರೆ ಮಾತ್ರೆ ನಿಲ್ಲಿಸದೆ ಆರೋಗ್ಯ ಸಿಬ್ಬಂದಿಯ ಸಲಹೆ ಪಡೆಯಬೇಕು.

5. ಪ್ರತಿ ತಿಂಗಳ 9ನೇ ತಾರೀಖು: 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿಯಲ್ಲಿ, ನಾಲ್ಕು ತಿಂಗಳು ಮೇಲ್ಪಟ್ಟ ಗರ್ಭಿಣಿಯರಿಗೆ ನಿಗದಿತ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ.

6. ಉಚಿತ ಹೆರಿಗೆ ಮತ್ತು ಸಾರಿಗೆ: 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಶಸ್ತ್ರಚಿಕಿತ್ಸೆ ಹೆರಿಗೆ, ಔಷಧಿ, ಪರೀಕ್ಷೆಗಳು, ರಕ್ತ ಹಾಗೂ ಆಸ್ಪತ್ರೆಯಲ್ಲಿರುವಾಗಿನ ಊಟ ಉಚಿತ. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಪಡೆಯಬಹುದು.

7. ಸಹಾಯಧನ: ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ಮಹಿಳೆಯರಿಗೆ ಮೊದಲ ಮಗುವಿಗೆ ರೂ. 5,000 ಎರಡು ಕಂತುಗಳಲ್ಲಿಯೂ, ಎರಡನೆಯ ಮಗು ಹೆಣ್ಣಾಗಿದ್ದಲ್ಲಿ ರೂ. 6,000 ಒಂದೇ ಕಂತಿನಲ್ಲಿಯೂ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಮೊದಲ ಮಗುವಿನ ಮೊದಲ ಕಂತಿಗೆ ಗರ್ಭಧಾರಣೆಯ ನೋಂದಣಿ ಮತ್ತು ಕನಿಷ್ಠ ಒಂದು ತಪಾಸಣೆ ಆಗಿರಬೇಕು. ಅರ್ಜಿಗಾಗಿ ಸಮೀಪದ ಅಂಗನವಾಡಿ ಕಾರ್ಯಕರ್ತೆಯನ್ನು ಸಂಪರ್ಕಿಸುವುದು.

ಕೂಡಲೇ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಫಿಟ್ಸ್, ಜ್ವರ, ಏದುಸಿರು, ಮಗುವಿನ ಚಲನೆ ಕಡಿಮೆಯಾಗುವುದು, ನೋವು ಬರುವ ಮುನ್ನವೇ ನೀರು ಹೋಗುವುದು ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಬರಬೇಕು.

ಹೆಚ್ಚಿನ ಮಾಹಿತಿಗಾಗಿ ತಮ್ಮ ಗ್ರಾಮದ ಆಶಾ ಕಾರ್ಯಕರ್ತೆ, ಉಪಕೇಂದ್ರದ ಆರೋಗ್ಯ ಸಹಾಯಕಿ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ. ಮನೆಯಲ್ಲಿ ಗರ್ಭಿಣಿಯರಿದ್ದಲ್ಲಿ ಅವರ ಮುಂದಿನ ತಪಾಸಣೆಯ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಇಂದೇ ನೋಡಿಕೊಳ್ಳುವುದು.